ಅತ್ತೆ ಹೇಳಬೇಕಾದ ಹೆಸರು

ಊರಿನಲ್ಲಿ ಎಲ್ಲಿ ಮಗು ಹುಟ್ಟಲಿ, ಅದರ ಹೆಸರಿನ ಗಲಾಟೆ ಒಮ್ಮೆಯಾದರೂ ನನ್ನ ಬೂತಿಗೆ ಬಂದೇ ಬರುತ್ತಿತ್ತು. ಒಂದು ಮುಗಿಯಿತಲ್ಲ ಎನ್ನುವಷ್ಟರಲ್ಲಿ ಇನ್ನೊಂದು. ಬೈಂದೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಎಸ್.ಟಿ.ಡಿ. ಬೂತ್ ಇತ್ತು. ತೊಂಬತ್ತೇಳರಲ್ಲಿ ನಮ್ಮವರು ಅದನ್ನು ತೆರೆದರು. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು, ಎಲ್ಲವನ್ನೂ ಪಕ್ಕದಲ್ಲಿ ನಿಂತು ಹಾಕಿಸಿದವರು ಅವರೇ. ಮಾರನೆಯ ವರ್ಷ ಒಂದು ಜ್ವರ ಬಂತು, ಅವರು ಹೋದರು. ಬೂತು ಮತ್ತು ನಾನು ಉಳಿದೆವು. ಮಕ್ಕಳಾಗಿರಲಿಲ್ಲ. ತವರು ಮರವಂತೆ, ಅಲ್ಲಿ ಅಪ್ಪ ಅಮ್ಮ ಮೊದಲೇ ಹೋಗಿದ್ದರು, ಅಂಗಳವನ್ನು ಸಮುದ್ರ ತೆಗೆದುಕೊಂಡಿತ್ತು.

ಬೂತಿನಲ್ಲಿ ಕೂತವಳಿಗೆ ಬೇಸರವೆಲ್ಲಿಂದ ಎಂದು ಜನ ಕೇಳುತ್ತಿದ್ದರು. ದಿನವಿಡೀ ಮಾತು ಕಿವಿಗೆ ಬೀಳುತ್ತಿತ್ತು, ಅದು ನಿಜ. ಗೂಡಿನ ಬಾಗಿಲು ಹಾಕಿಕೊಂಡರೂ ನಮ್ಮ ಕಡೆಯವರು ಬೊಂಬಾಯಿಗೆ ಮಾತಾಡುವ ಜೋರಿಗೆ ಫೋನು ಬೇಕಾಗಿಯೇ ಇರಲಿಲ್ಲ. ಆದರೆ ಆ ಮಾತುಗಳಲ್ಲಿ ಒಂದೂ ನನ್ನದಲ್ಲ. ಫೋನ್ ರಿಂಗಾದರೆ, “ಅಕ್ಕ, ಒಂಚೂರ್ ನಮ್ಮನಿಯರಿಗೆ ಹೇಳಿ, ಹತ್ತ್ ನಿಮಿಷ ಬಿಟ್ಟ್ ಮಾಡ್ತೆ” ಎಂದು ಯಾರೋ ಹೇಳುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಅವರ ಮನೆಗೆ ಓಡುತ್ತಿದ್ದೆ. ಸಂಜೆ ಬಾಗಿಲೆಳೆದು ಮನೆಗೆ ಹೋದರೆ ಇಡೀ ಮನೆಯಲ್ಲಿ ನನ್ನ ಹತ್ತಿರ ಮಾತಾಡುವುದು ಕುಕ್ಕರ್ ಒಂದೇ.

ನನ್ನವನು ಎಂದು ಉಳಿದಿದ್ದವನು ಒಬ್ಬ ತಮ್ಮ. ಅವನಿಗೊಂದು ಮಗುವಾದರೆ ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ನಾನು. ನಮ್ಮ ಮನೆಯ ಕ್ರಮ ಅದು. ಗಂಡ ಹೋದವಳನ್ನು ಇಂಥ ಶಾಸ್ತ್ರಕ್ಕೆಲ್ಲ ಯಾರೂ ಮುಂದೆ ಕರೆಯುವುದಿಲ್ಲ. ಯಾರ ಮನೆಯ ನಾಮಕರಣಕ್ಕೆ ಹೋದರೂ ನನಗೆ ಹಿಂದಿನ ಸಾಲು, ಇಲ್ಲವೇ ತೆಂಗಿನಕಾಯಿ ತುರಿಯುವ ಕೆಲಸ. ಆದರೂ ಇದೊಂದು ಹಕ್ಕನ್ನು ನಾನು ಮನಸ್ಸಿನಲ್ಲೇ ಗಟ್ಟಿ ಹಿಡಿದುಕೊಂಡಿದ್ದೆ. ಅದಕ್ಕೆ ಬಂದ ಫಜೀತಿ ಹೇಳುವ ಮುಂಚೆ ಊರವರ ಒಂದೆರಡು ಕಥೆ ಹೇಳುತ್ತೇನೆ. ಪಟ್ಟ ಪಾಡು ನನ್ನೊಬ್ಬಳದೇ ಅಲ್ಲ ಎಂಬ ಸಮಾಧಾನಕ್ಕೆ.

ಸಾಲಿನಲ್ಲಿ ನಿಂತವರ ಮಗು

ಒಂದು ದಿನ ಉಪ್ಪುಂದದ ಕಡೆಯ ಅಜ್ಜರೊಬ್ಬರು ಬಂದು ಗೂಡು ಹೊಕ್ಕರು. ಮಗಳನ್ನು ಬ್ರಹ್ಮಾವರಕ್ಕೆ ಕೊಟ್ಟಿದ್ದರು. ಮಾರನೆಯ ದಿನ ಅಲ್ಲಿ ಮೊಮ್ಮಗನ ನಾಮಕರಣ, ಹೆಸರು ಇನ್ನೂ ತೀರ್ಮಾನವಾಗಿರಲಿಲ್ಲ. ಹೊರಗೆ ಸಾಲಿನಲ್ಲಿ ನಿಂತವರಿಗೆ ಅಜ್ಜರ ಕಡೆಯ ಮಾತೆಲ್ಲ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರು ರಿಸೀವರಿಗೆ ಕೈ ಅಡ್ಡ ಹಿಡಿದು, ಬಾಗಿಲು ತೆರೆದು, ಸಾಲಿನವರನ್ನೇ ಕೇಳಿದರು.

“ಹ್ವಾಯ್, ನೀವೇ ಹೇಳಿ ಕಾಂಬ. ನಾಗರಾಜ ಅಂದ್ರೆ ಎಂತ ಆಯ್ತ್? ಅವ್ರಿಗೆ ಬ್ಯಾಡ ಅಂಬ್ರ್!”

ಮೀನಿನ ಬುಟ್ಟಿ ಕೆಳಗಿಟ್ಟು ನಿಂತಿದ್ದ ಹೆಂಗಸು ತಕ್ಷಣ ಹೇಳಿದಳು: “ಬ್ಯಾಡ ಅಜ್ಜ. ನಮ್ ಬದಿಮನಿಯವ್ನ್ ನಾಗರಾಜ. ಕುಡೂದ್ ಬಿಟ್ರೆ ಬೇರೆ ಎಂತದೂ ಗೊತ್ತಿಲ್ಲೆ.”

ಅಜ್ಜರು ಗಣೇಶ ಎಂದರು. ಅವಳ ಹಿಂದಿನವನು ತಲೆಯಾಡಿಸಿದ. ಗಣೇಶ ಎಂಬುವನ ಜೊತೆ ಅವನದು ಬೇಲಿಯ ವ್ಯಾಜ್ಯ ಕೋರ್ಟಿನಲ್ಲಿತ್ತು. ಸುರೇಶ ಎಂದರು. ಅಕ್ಕಿ ಅಂಗಡಿಯವರಿಗೆ ಸುರೇಶ ಎನ್ನುವ ಅಳಿಯನಿದ್ದ, ಅವರು ಬಾಯಿ ಬಿಡಲಿಲ್ಲ, ಮುಖ ನೋಡಿದರೆ ಸಾಕಿತ್ತು. ಯಾವ ಹೆಸರು ಬಂದರೂ ಆ ಹೆಸರಿನ ಒಬ್ಬ ಪೋಕರಿ ಸಾಲಿನಲ್ಲಿ ಯಾರಿಗಾದರೂ ಗೊತ್ತಿರುತ್ತಿದ್ದ. ಮೀಟರು ತನ್ನ ಪಾಡಿಗೆ ಓಡುತ್ತಿತ್ತು.

ಕೊನೆಗೆ ಮಾತಾಡಿದವನು ಸಾಲಿನ ಬಾಲದಲ್ಲಿದ್ದ ಒಬ್ಬ ಪರ ಊರಿನವ. ಭಟ್ಕಳದ ಬಸ್ಸು ತಪ್ಪಿಸಿಕೊಂಡು ಹೆಂಡತಿಗೆ ತಿಳಿಸಲು ನಿಂತಿದ್ದ. “ಸುಹಾಸ ಅಂತ ಇಡಿ” ಎಂದ. ಎಲ್ಲರೂ ಯೋಚಿಸಿದರು. ಸುಹಾಸ ಎನ್ನುವವನು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ತಕರಾರಿಗೆ ದಾರಿಯೇ ಇರಲಿಲ್ಲ. ಅಜ್ಜರು ಫೋನಿನಲ್ಲಿ ಕೂಗಿ ಹೇಳಿದರು, ಬ್ರಹ್ಮಾವರದವರೂ ಒಪ್ಪಿದರು, ಮಗುವಿಗೆ ಅದೇ ಹೆಸರಾಯಿತು.

ಆಮೇಲೆ ಆ ಪರ ಊರಿನವನ ಸರದಿ ಬಂತು. ಗೂಡಿನೊಳಗಿಂದ ಅವನು ಹೆಂಡತಿಗೆ ಹೇಳುವುದು ನಮಗೆಲ್ಲ ಕೇಳಿಸಿತು: “ಬಸ್ ತಪ್ಪಿತು ಮಾರಾಯ್ತಿ, ಇಷ್ಟೊತ್ತು ಬೈಂದೂರಲ್ಲೇ ಇದ್ದೆ. ಏನ್ ಮಾಡ್ತಿದ್ದೆ ಅಂದ್ರೆ? ಇಲ್ಲೊಂದು ಮಗುವಿಗೆ ಹೆಸರಿಡ್ತಾ ಇದ್ದೆ.”

ಆ ಕಡೆಯಿಂದ ಎಂಥ ಉತ್ತರ ಬಂತೋ, ಅವನು ಮುಂದಿನ ಬಸ್ಸನ್ನೂ ತಪ್ಪಿಸಿಕೊಂಡ.

ಇಬ್ಬರು ಅಜ್ಜಿಯರು

ನಮ್ಮ ಕೇರಿಯ ಮಿಲಿಟರಿಯವನೊಬ್ಬ ಪಂಜಾಬಿನ ಹುಡುಗಿಯನ್ನು ಮದುವೆಯಾಗಿದ್ದ. ಗಂಡುಮಗು ಹುಟ್ಟಿತು. ಇವನು ರಜೆಯಲ್ಲಿ ಊರಿಗೆ ಬಂದವನು ದಿನವೂ ನನ್ನ ಬೂತಿನಿಂದ ಹೆಂಡತಿಗೆ ಫೋನು ಮಾಡುತ್ತಿದ್ದ. ಅವಳ ತಾಯಿಗೆ ಒಂದು ಹೆಸರು ಬೇಕು, ಇವನ ತಾಯಿಗೆ ಇನ್ನೊಂದು. ಇಬ್ಬರೂ ಬಿಡುವವರಲ್ಲ. ಗಡಿಯಲ್ಲಿ ಬಂದೂಕು ಹಿಡಿದವನು ಅಜ್ಜಿಯರ ಮುಂದೆ ಬಿಳಿಚಿಕೊಂಡ. ಅತ್ತೆಗೆ ಫೋನಿನಲ್ಲಿ “ನಿಮ್ಮದೇ ಹೆಸರು” ಎಂದ, ಮನೆಗೆ ಹೋಗಿ ತಾಯಿಗೂ “ನಿಂದೇ ಹೆಸ್ರ್ ಅಬ್ಬಿ” ಎಂದ.

ನಾಮಕರಣಕ್ಕೆ ಪಂಜಾಬಿನವರು ರೈಲಿನಲ್ಲಿ ಬಂದಿಳಿದರು. ನಾನೂ ಹೋಗಿದ್ದೆ, ಹಿಂದಿನ ಸಾಲಿನಲ್ಲಿ. ಮಿಲಿಟರಿಯವನು ತಂಗಿಯನ್ನು ಮೂಲೆಗೆ ಕರೆದು, ಕಿವಿಯಲ್ಲಿ ಹೇಳುವಾಗ ಮಗುವಿಗೂ ಕೇಳದ ಹಾಗೆ ಹೇಳು ಎಂದು ಬೇಡಿಕೊಂಡಿದ್ದ. ಅವಳು ಬರೀ ತುಟಿ ಅಲ್ಲಾಡಿಸಿದಳು. ಇಬ್ಬರು ಅಜ್ಜಿಯರೂ ತಂತಮ್ಮ ಹೆಸರೇ ಆಯಿತೆಂದು ಕಣ್ಣೊರೆಸಿಕೊಂಡು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲದ್ದು ಆ ದಿನ ಮಿಲಿಟರಿಯವನ ಪ್ರಾಣ ಉಳಿಸಿತು.

ನಾಲ್ಕೈದು ವರ್ಷದ ಮೇಲೆ ಮಗುವನ್ನು ಇಲ್ಲಿಯ ಶಾಲೆಗೇ ಹಾಕಲು ಕರೆದುಕೊಂಡು ಹೋದರು. ಟೀಚರು ಹೆಸರು ಕೇಳಿದರು. ಅಪ್ಪ ಅಮ್ಮನ ಮುಖ ನೋಡಿದ, ಅಮ್ಮ ತಲೆಯೆತ್ತಿ ಮಾಡಿನ ಹೆಂಚು ನೋಡಿದಳು. ಆಗ ಮಗುವೇ ಹೇಳಿತಂತೆ: “ಆ ಅಜ್ಜಿ ಕರೂದ್ ಒಂದ್ ಇತ್, ಈ ಅಜ್ಜಿ ಕರೂದ್ ಒಂದ್ ಇತ್. ಟೀಚರ್, ನಿಮ್ಗ್ ಯಾವ್ದ್ ಬೇಕ್?”

ಲೈನ್ ಬಿಜಿ

ನನ್ನ ತಮ್ಮ ಮೊದಲು ಬೊಂಬಾಯಿಯ ಹೋಟೆಲಿನಲ್ಲಿ ಅಡಿಗೆ ಕಲಿತ, ಆಮೇಲೆ ಪ್ರವಾಸಿಗಳ ಹಡಗೊಂದರ ಅಡಿಗೆಮನೆ ಸೇರಿದ. ಅಪ್ಪ ಅಮ್ಮ ಹೋದಾಗ ಅವನು ಚಡ್ಡಿ ಹಾಕುವ ವಯಸ್ಸಿನವ. ಮುಂದೆ ಸಾಕಿದ್ದು, ಓದಿಸಿದ್ದು, ಹಡಗು ಹತ್ತಿಸಿದ್ದು ನಮ್ಮವರು. ಭಾವ ಎಂದರೆ ಅವನಿಗೆ ಅಪ್ಪನಿಗಿಂತ ಹೆಚ್ಚು. ಹಡಗು ಯಾವುದಾದರೂ ಬಂದರಿನ ದಕ್ಕೆಗೆ ತಾಗಿದಾಗ ಬೂತಿಗೆ ಫೋನು ಮಾಡುತ್ತಿದ್ದ. ತಿಂಗಳಿಗೊಮ್ಮೆ ಬಂದರೆ ಅದೇ ಹೆಚ್ಚು.

ಹಾಗೊಂದು ದಿನ ಫೋನು ಬಂತು. “ಅಕ್ಕ, ನಂಗ್ ಮದಿ ಆಯ್ತ್.”

“ಯಾರೊಟ್ಟಿಗೆ ಮಾರಾಯ?”

“ಹಡಗಂಗೆ ನಮ್ಮೊಟ್ಟಿಗೆ ಕೆಲ್ಸ ಮಾಡ್ತಿತ್. ಸ್ಪೇನ್ ದೇಶದ್ ಹೆಣ್ಣ್.”

“ಸ್ಪೇನ್ ಅಂದ್ರೆ ದುಬಾಯಿಗಿಂತ ಅತ್ಲಾಗಾ, ಇತ್ಲಾಗಾ?”

ಅತ್ಲಾಗೆ ಎಂದ. ತುಂಬ ಅತ್ಲಾಗೆ. ಇನ್ನು ಹಡಗು ಬಿಟ್ಟು ಅವಳ ಊರಲ್ಲೇ ಒಂದು ಸಣ್ಣ ಹೋಟೆಲು ಇಡುತ್ತಾರಂತೆ. ಅವಳದೂ ಸಮುದ್ರದ ಬದಿಯ ಊರು, ಮೀನು ಹಿಡಿಯುವವರ ಮನೆ, ಅಪ್ಪ ಇಲ್ಲ, ತಾಯಿ ಪೇಟೆಯಲ್ಲಿ ಮೀನು ಮಾರುತ್ತಾಳೆ ಎಂದ. ಇಷ್ಟು ದೂರ ಹೋಗಿ ಇವನು ಮರವಂತೆಯ ಹೆಣ್ಣನ್ನೇ ಹುಡುಕಿದ್ದ. ಆದರೂ ಆ ಸಂಜೆ ಅನ್ನ ಸೇರಲಿಲ್ಲ. ಇವನು ಇನ್ನು ಇತ್ತ ಬಂದು ನಿಲ್ಲುವವನಲ್ಲ ಎಂದು ಗೊತ್ತಾಗಿತ್ತು.

ಮಾತಿನದೇ ದೊಡ್ಡ ಕಷ್ಟ. ಅವನೂ ಅವಳೂ ಮಾತಾಡುವುದು ಇಂಗ್ಲಿಷಿನಲ್ಲಿ. ಅವಳ ಮನೆಯವರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು. ನನಗೆ ಗೊತ್ತಿದ್ದದ್ದು ಬೂತಿನ ಇಂಗ್ಲಿಷ್: ಲೈನ್ ಬಿಜಿ, ನೋ ರಿಪ್ಲೈ, ವೇಟ್ ಪ್ಲೀಸ್. ತಮ್ಮನ ಹೆಂಡತಿ ಮೊದಲ ಸಲ ಫೋನಿಗೆ ಬಂದು ಬಹಳ ಪ್ರೀತಿಯಿಂದ ಇಂಗ್ಲಿಷಿನಲ್ಲಿ ಎಂತದೋ ಕೇಳಿದಳು. ಗಾಬರಿಯಲ್ಲಿ ನಾನು “ಲೈನ್ ಬಿಜಿ” ಎಂದು ಇಟ್ಟುಬಿಟ್ಟೆ.

ಅವಳ ತಾಯಿಯ ಜೊತೆ ಹಾಗಾಗಲಿಲ್ಲ. ಆ ಹೆಂಗಸು ಫೋನು ತೆಗೆದುಕೊಂಡು ತನ್ನ ಭಾಷೆಯಲ್ಲಿ ಜೋರಾಗಿ ಶುರು ಮಾಡಿತು. ನಾನೂ ನನ್ನ ಭಾಷೆಯಲ್ಲಿ ಶುರು ಮಾಡಿದೆ. ಬಂಗುಡೆ ಬಾರದ್ದು, ಮಂಡಿ ನೋವು, ಒಬ್ಬಳಿಗೇ ಅಡಿಗೆ ಮಾಡುವ ಉದಾಸೀನ, ಎಲ್ಲ ಹೇಳಿದೆ. ಅದೂ ನಡುನಡುವೆ ನಿಟ್ಟುಸಿರು ಬಿಡುತ್ತಿತ್ತು, ಒಮ್ಮೆ ನಕ್ಕಿತು, ನಾನೂ ನಕ್ಕೆ. ಅಷ್ಟು ಹೊತ್ತು ನನ್ನ ಮಾತನ್ನು ಯಾರೂ ಕೇಳಿರಲಿಲ್ಲ, ನಮ್ಮವರು ಹೋದ ಮೇಲೆ.

ಕೊನೆಗೆ ತಮ್ಮ ಫೋನು ತೆಗೆದುಕೊಂಡ. “ಎಂತ ಅಕ್ಕ, ಅಷ್ಟೊತ್ತ್ ಎಂತ ಹೇಳ್ತ್ ಅತ್ತೆ?”

“ಎಂತ ಹೇಳ್ತೋ ನಂಗೊತ್ತಿಲ್ಲೆ. ಆರೆ ಅದ್ ಹೇಳದ್ದ್ ಎಲ್ಲ ಸಮಾ ಇತ್.”

ಬದುಕಿದ್ದವರ ಹೆಸರು

ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ಹೆಸರು ಎರಡೂ ಕಡೆಗೆ ಆಗಬೇಕು, ಅವರ ಬಾಯಿಗೂ ಹತ್ತಬೇಕು, ನಮ್ಮ ಬಾಯಿಗೂ ಹತ್ತಬೇಕು ಎಂದು ಅವನ ಹಟ. ನಾನು ಹೇಳಿದ್ದನ್ನು ಅವನು ಹೆಂಡತಿಗೆ ಇಂಗ್ಲಿಷಿನಲ್ಲಿ ಹೇಳಬೇಕು, ಅವಳು ತಾಯಿಗೆ ಸ್ಪ್ಯಾನಿಷಿನಲ್ಲಿ ಹೇಳಬೇಕು. ತಾಯಿ ಬೇಡ ಎಂದದ್ದು ಅದೇ ದಾರಿಯಲ್ಲಿ ವಾಪಸು ನನಗೆ ಬರಬೇಕು. ನಾನೊಂದು ಹೆಸರು ಹೇಳಿ ಉತ್ತರಕ್ಕೆ ಕಾಯುವಾಗ, ಎದುರಿಗೆ ಒಬ್ಬರು ಬಂದು ಬೊಂಬಾಯಿಗೆ ಮಾತಾಡಬೇಕು ಎಂದು ಮೇಜು ಬಡಿಯುತ್ತಿದ್ದರು.

ಒಂದು ದಿನ ತಮ್ಮ ಹೇಳಿದ: “ಅಕ್ಕ, ಇಲ್ಲಿ ಮೊದ್ಲ್ ಹೆಣ್ಣ್ ಮಗಿಗೆ ಅಜ್ಜಿ ಹೆಸ್ರ್ ಇಡೂದ್ ಅಂಬ್ರ್. ಅತ್ತೆ ಹೆಸ್ರೇ ಇಡುವ ಅಂತ್ರ್.”

“ಅಜ್ಜಿ ಅಂದ್ರೆ, ಮೊನ್ನೆ ನನ್ನೊಟ್ಟಿಗೆ ಮಾತಾಡದ್ದಾ? ಅದ್ ಬದ್ಕಿತ್ತಲ್ಲ ಮಾರಾಯ!”

“ಬದ್ಕಿತ್. ಅದ್ಕೇನ್?”

ಅದಕ್ಕೇನಂತೆ! ನಮ್ಮಲ್ಲಿ ಹೋದವರ ಹೆಸರು ಇಡುವುದು; ಹೋದವರು ಮನೆಗೆ ತಿರುಗಿ ಬಂದ ಹಾಗೆ. ಕೂತು ಉಣ್ಣುತ್ತಿರುವವರ ಹೆಸರನ್ನು ತೆಗೆದು ತೊಟ್ಟಿಲಿಗೆ ಹಾಕಿದರೆ ಆ ಮುದುಕಿ ಏನೆಂದುಕೊಳ್ಳಬೇಡ? ನೀನಿನ್ನು ಹೊರಡು ಎಂದ ಹಾಗಲ್ಲವೇ? “ನಾಳಿಗೆ ಮಗು ಹಟ ಮಾಡ್ವತ್ತಿಗೆ ಹೆಸ್ರ್ ಹಿಡ್ದ್ ಬೈದ್ರೆ ಯಾರಿಗ್ ಬೈದಾಂಗ್ ಆತ್? ನಿನ್ ಅತ್ತೆಗೆ ಬೈದಾಂಗ್ ಆತ್!” ಎಂದೆ. ಅವನು ನಕ್ಕ. ನಾನು ನಗಲಿಲ್ಲ. ಮೀನು ಮಾರುವ ಆ ಹೆಂಗಸಿನ ಆಯುಸ್ಸಿಗಾಗಿ ದೇವಸ್ಥಾನದಲ್ಲಿ ಒಂದು ಕಾಯಿ ಒಡೆಸಿದೆ. ಭಟ್ಟರು ಯಾರ ಹೆಸರಿನಲ್ಲಿ ಎಂದು ಕೇಳಿದರು. ಆ ಸ್ಪ್ಯಾನಿಷ್ ಹೆಸರು ನನ್ನ ಬಾಯಿಗೆ ಬರಲಿಲ್ಲ. ತಮ್ಮನ ಅತ್ತೆ ಎಂದೆ. ಅವರು ಗೋತ್ರ ನಕ್ಷತ್ರ ಕೇಳದೆ ದೊಡ್ಡ ಮನಸ್ಸು ಮಾಡಿದರು.

ನನ್ನ ಆಕ್ಷೇಪ ಇಂಗ್ಲಿಷು ದಾಟಿ, ಸ್ಪ್ಯಾನಿಷು ದಾಟಿ ಅತ್ತ ಮುಟ್ಟಿದಾಗ ಅಲ್ಲಿ ಗಾಬರಿ ಇನ್ನೂ ಜೋರಂತೆ. ನಿನ್ನೆ ಮೊನ್ನೆ ಹುಟ್ಟಿದ ಮಗುವಿಗೆ ಸತ್ತವರ ಹೆಸರು ಇಡುವುದೇ ಎಂದು ಆ ಹೆಂಗಸು ಎದೆಗೆ ಕೈ ಹಚ್ಚಿಕೊಂಡಿತಂತೆ. ಎರಡು ದಿನ ಯೋಚಿಸಿತಂತೆ. ಮೂರನೆಯ ದಿನ ತಮ್ಮನನ್ನು ಕೂರಿಸಿಕೊಂಡು, “ಹಾಗಾದರೆ ನಿನ್ನ ಅಕ್ಕನ ಮನೆಯಲ್ಲಿ ಹೋದವರು ಯಾರು?” ಎಂದು ಕೇಳಿತಂತೆ.

ತಮ್ಮ ಫೋನು ಮಾಡಿದ. “ಅಕ್ಕ, ಅತ್ತೆಯೇ ಹೇಳದ್ದ್. ಭಾವನ್ ಹೆಸ್ರ್ ಇಡುವ.”

ನಾನು ಸ್ಟೂಲಿನ ಮೇಲೆ ಕೂತೆ. ಎದುರಿಗೆ ಮೀಟರು, ಅವರೇ ನಿಂತು ಹಾಕಿಸಿದ ಗಾಜು. “ಹೆಣ್ಣ್ ಮಗಿಗೆ ಗಂಡ್ಸಿನ್ ಹೆಸ್ರಾ?” ಎಂದೆ.

“ಕಡಿಗೆ ‘ಆ’ ಬಂದ್ರೆ ಇಲ್ಲಿಯರಿಗ್ ಅದ್ ಹೆಣ್ಣ್ ಮಕ್ಳ್ ಹೆಸ್ರೇ ಅಂದ್ ಕಾಂತ್. ಎಲ್ಲರ್ ಬಾಯಿಗೂ ಹತ್ತಿತ್. ಆರೆ ಕಿವಿಯಂಗೆ ಹೇಳೂಕೆ ನೀನೇ ಆಯ್ಕ್.”

ಆಗ ನೆನಪಾಯಿತು. “ಅಯ್ಯೋ ಮಾರಾಯ, ಆ ಹೆಸ್ರ್ ನಾನ್ ಹೆಂಗ್ ಹೇಳೂದಾ?”

ಹ್ವಾಯ್

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಮ್ಮ ಮದುವೆಯ ದಿನವೇ ಹೇಳಿ ಕಳಿಸಿದ್ದಳು. ನನ್ನ ಸಂಸಾರ ಪೂರ್ತಿ ‘ಹ್ವಾಯ್’ ಎಂಬ ಒಂದೇ ಕರೆಯಲ್ಲಿ ನಡೆಯಿತು. ಊಟಕ್ಕೆ ಹ್ವಾಯ್, ಸಿಟ್ಟಿಗೆ ಹ್ವಾಯ್, ಪ್ರೀತಿ ಬಂದರೂ ಅದೇ, ಸ್ವಲ್ಪ ಎಳೆದು. ಒಂದು ಸಲವೂ ಹೆಸರು ಬಾಯಿಗೆ ತರಲಿಲ್ಲ. ಆದರೂ ಅವರು ಹೋದರು. ಇಷ್ಟೆಲ್ಲ ನಾಲಿಗೆ ಹಿಡಿದು ಏನು ಉಪಯೋಗವಾಯಿತು ಎಂದು ಎಷ್ಟೋ ಸಲ ಅನಿಸಿದೆ. ಅನಿಸಿದರೂ ಹೇಳಲು ಬಂದಿರಲಿಲ್ಲ. ಈಗ ಬರೆಯುವಾಗಲೂ ಕೈ ತಡೆಯುತ್ತಿದೆ. ಅವರ ಹೆಸರಿನವನು ಆಕಾಶದಲ್ಲಿದ್ದಾನೆ, ಹುಣ್ಣಿಮೆಗೆ ದುಂಡಗಾಗುತ್ತಾನೆ, ನೀವೇ ತಿಳಿದುಕೊಳ್ಳಿ.

ಒಮ್ಮೆ ಕರೆಂಟಿನ ಆಫೀಸಿನಲ್ಲಿ ಗಂಡನ ಹೆಸರು ಕೇಳಿದರು. ನಾನು ನಾಚಿಕೊಂಡು ಕಿಟಕಿಯಾಚೆ ಆಕಾಶಕ್ಕೆ ಬೆರಳು ತೋರಿಸಿದೆ. ಗುಮಾಸ್ತರು ತಲೆ ಹೊರಗೆ ಹಾಕಿ ನೋಡಿ, ಸೂರ್ಯ ಎಂದು ಬರೆದುಕೊಂಡರು. ನಡು ಮಧ್ಯಾಹ್ನ, ಅವರದೇನೂ ತಪ್ಪಿಲ್ಲ. ಎಷ್ಟೋ ಕಾಲ ನನ್ನ ಕರೆಂಟು ಬಿಲ್ಲು ಯಾರೋ ಸೂರ್ಯನ ಹೆಂಡತಿಗೆ ಬರುತ್ತಿತ್ತು.

ನಾಮಕರಣದ ಸುದ್ದಿ ತಿಳಿದು ಬ್ರಹ್ಮಾವರದಿಂದ ಚಿಕ್ಕಮ್ಮ ಬಂದರು. ಬಂದವರೇ ಚಾಪೆಯ ಮೇಲೆ ಕೂತು ಶುರು ಮಾಡಿದರು: “ಕಾಣ್, ಬೇಜಾರ್ ಮಾಡ್ಕಬ್ಯಾಡ. ಮಗಿನ್ ಕಿವಿಯಂಗೆ ಹೆಸ್ರ್ ಹೇಳೂದ್ ಮುತ್ತೈದಿಯರೇ ಆಯ್ಕ್. ನನ್ ಮಗ್ಳೂ ಅವ್ನಿಗೆ ಅಕ್ಕನೇ ಅಲ್ದಾ? ಅದೇ ಹೇಳ್ಲಿ. ನೀನ್ ಬದಿಯಂಗೆ ಕೂಕೊ.”

ನನಗೆ ಕಣ್ಣಲ್ಲಿ ನೀರು ಬಂತು. ಬದಿಯಲ್ಲಿ ಕೂತು ಕೂತು ನನಗೆ ಸಾಕಾಗಿತ್ತು. ತಮ್ಮನಿಗೆ ಹೇಳಿದರೆ, ಅಲ್ಲಿ ಮಗುವನ್ನು ಎತ್ತಿಕೊಳ್ಳುವ ತನ್ನ ಅತ್ತೆಗೂ ಗಂಡನಿಲ್ಲ, ಅವರ್ಯಾರೂ ಅಂಥದ್ದನ್ನು ಕೇಳಿಯೂ ಇಲ್ಲ ಎಂದು ಬೈಯುತ್ತಾನೆ. ಆದರೆ ಚಿಕ್ಕಮ್ಮನಿಗೆ ಎದುರು ಹೇಳಿ ನನಗೆ ಅಭ್ಯಾಸವಿರಲಿಲ್ಲ. “ಅಕ್ಕ್ ಚಿಕ್ಕಮ್ಮ, ಹೇಳ್ಲಿ” ಎಂದು ಸಣ್ಣ ದನಿಯಲ್ಲಿ ಒಪ್ಪಿಬಿಟ್ಟೆ.

ಚಿಕ್ಕಮ್ಮ ಖುಷಿಯಿಂದ ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. “ಹೆಸ್ರ್ ಎಂತದ್?”

ನಾನು ಮೇಲೆ ಬೆರಳು ತೋರಿಸಿದೆ. ಗಾಳಿಯಲ್ಲಿ ದುಂಡಗೆ ಸುತ್ತು ಹಾಕಿ ತೋರಿಸಿದೆ. ನಮ್ಮವರ ಫೋಟೋ ತೋರಿಸಿದೆ. ಚಿಕ್ಕಮ್ಮ ಅಗಿಯುವುದನ್ನು ನಿಲ್ಲಿಸಿದರು. ಅವರ ಮುಖ ಇಳಿಯಿತು. ಆಗಲೇ ನನಗೂ ಹೊಳೆದದ್ದು: ಅವರ ಅಳಿಯನ ಹೆಸರೂ ಅದೇ.

ಬದುಕಿರುವ ಗಂಡನ ಹೆಸರನ್ನು ಮಗಳಿಂದ ಹೇಳಿಸಲು ಅವರಿಗೆ ಹೇಗೆ ಧೈರ್ಯ ಬಂದೀತು? ಎದ್ದು ಸೆರಗು ಕೊಡವಿಕೊಂಡರು. “ನೀನೇ ಹೇಳ್ ಮಾರಾಯ್ತಿ. ನಿಂಗಾರೆ ಇನ್ನ್ ಹೆದ್ರೂಕೆ ಎಂತ ಇತ್?” ಎಂದು ಚಾ ಕೂಡ ಕುಡಿಯದೆ ಬಸ್ಸು ಹತ್ತಿದರು.

ಅವರು ಹೇಳಿದ್ದು ಸರಿಯೇ. ಹೆದರಲು ಏನೂ ಉಳಿದಿರಲಿಲ್ಲ. ಆದರೆ ಹೆದರಿಕೆ ಹೋಯಿತೆಂದು ನಾಲಿಗೆ ತಿರುಗಬೇಕಲ್ಲ? ಒಲೆಯ ಮುಂದೆ ಕೂತು ಅಭ್ಯಾಸ ಮಾಡಿದೆ. ಬಾವಿಕಟ್ಟೆಯಲ್ಲಿ ಮಾಡಿದೆ. ಮೊದಲ ಅಕ್ಷರದ ಆಚೆ ನಾಲಿಗೆ ಹೋಗಲಿಲ್ಲ. ಕಡೆಗೆ ತಮ್ಮನಿಗೆ ಹೇಳಿದೆ: “ನಂಗ್ ಆತಿಲ್ಲೆ. ಮಗಿಗೆ ‘ಹ್ವಾಯ್’ ಅಂದೇ ಇಟ್ಟ್ಬಿಡುವ. ಅವ್ರ್ ಅದಕ್ಕೇ ಓ ಅಂತಿದ್ದದ್ದ್.”

ಗಾಜಿನ ಗೂಡಿನಲ್ಲಿ

ಆ ದಿನ ಅವರಿಗೆ ನಡು ಮಧ್ಯಾಹ್ನ, ನಮಗೆ ಇಳಿ ಹೊತ್ತು. ಇಗರ್ಜಿಯಲ್ಲಿ ಪಾದ್ರಿಗಳ ಶಾಸ್ತ್ರ ಹಿಂದಿನ ದಿನವೇ ಮುಗಿದಿತ್ತು, ಇದು ನಮ್ಮ ಕಡೆಯದು. ತಮ್ಮ ಸೀರೆ ಕಟ್ಟಿ ತೊಟ್ಟಿಲು ಮಾಡಿದ್ದನಂತೆ. ನಾನು ತಲೆಗೆ ಸ್ನಾನ ಮಾಡಿ, ನಮ್ಮವರು ತಂದಿದ್ದ ನೀಲಿ ಸೀರೆ ಉಟ್ಟು, ಬೂತಿಗೆ ಬಂದವರನ್ನೆಲ್ಲ ಆಮೇಲೆ ಬನ್ನಿ ಎಂದು ಕಳಿಸಿದೆ. ಫೋನನ್ನು ಗೂಡಿನೊಳಕ್ಕೆ ಇಟ್ಟುಕೊಂಡು ಬಾಗಿಲು ಎಳೆದುಕೊಂಡೆ. ಅಷ್ಟು ವರ್ಷದಲ್ಲಿ ಆ ಗೂಡಿನೊಳಗೆ ಮಾತಾಡಲು ನಾನು ಕೂತದ್ದು ಅದೇ ಮೊದಲು. ಒಳಗೆ ಸೆಖೆ. ಇಷ್ಟು ಜನ ಇದರೊಳಗೆ ಬೆವರಿಕೊಂಡು ಪ್ರೀತಿ ಹೇಳುತ್ತಿದ್ದರಲ್ಲ ಎಂದು ಆಶ್ಚರ್ಯವಾಯಿತು.

ಫೋನು ರಿಂಗಾಯಿತು. ಯಾರ ಮನೆಗೂ ಓಡಬೇಕಾಗಿರಲಿಲ್ಲ, ಬಂದದ್ದು ನನಗೇ.

“ಅಕ್ಕ, ಎಲ್ಲರೂ ಬಂದಿದ್ರ್. ಅತ್ತೆ ಮಗಿನ್ ಹಿಡ್ಕಂಡ್ ಕೂಕಂಡಿದ್ರ್. ಸ್ಪೀಕರ್ ಹಾಕಿ ಮಗಿನ್ ಕಿವಿ ಹತ್ರ ಇಟ್ಟಿದ್ದೆ. ಮೂರ್ ಸರ್ತಿ ಹೇಳ್.”

ಅಷ್ಟು ದೂರದಲ್ಲಿ ಒಂದು ಮನೆ ತುಂಬ ಜನ ನನ್ನ ಬಾಯಿಗಾಗಿ ಕಾಯುತ್ತಿದ್ದರು. ಮಗುವಿನ ಉಸಿರು ಕೇಳಿದ ಹಾಗಾಯಿತು. ನಾನು ಬಾಯಿ ತೆರೆದೆ.

“ಹ್ವಾಯ್” ಎಂದೆ.

“ಅಕ್ಕಾ!” ಎಂದ ತಮ್ಮ.

ಮತ್ತೆ ಪ್ರಯತ್ನಿಸಿದೆ. ಈ ಸಲ ಹೆಸರು ಬಂತು, ಆದರೆ ಬರೀ ಉಸಿರಿನಲ್ಲಿ. “ಕೇಂತಿಲ್ಲೆ ಅಕ್ಕ.” ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. ಅದೇ ಹೊತ್ತಿಗೆ ಹೊರಗೆ ಕುಂದಾಪುರದ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ. “ಎಂತದೂ ಕೇಂತಿಲ್ಲೆ! ಮಗಿಗೆ ಬಸ್ಸಿನ್ ಹಾರ್ನ್ ಮಾತ್ರ ಕೇಂತಿತ್. ಜೋರ್ ಹೇಳ್ ಅಕ್ಕ, ಜೋರ್!”

ಆಗ ನನಗೆ ಸಿಟ್ಟು ಬಂತು. ತಮ್ಮನ ಮೇಲಲ್ಲ, ಬಸ್ಸಿನವನ ಮೇಲೂ ಅಲ್ಲ. ಈ ಗಾಜು ಹಾಕಿಸಿ, ಬೋರ್ಡು ತೂಗಿಸಿ, ನನ್ನನ್ನು ಇದರೊಳಗೆ ಕೂರಿಸಿ ಎದ್ದು ಹೋದವರ ಮೇಲೆ. ಹೆಸರು ಹೇಳದೆ ಆಯುಸ್ಸು ಕಾಯ್ದೆನಲ್ಲ, ಯಾಕೆ ಹೋದಿರಿ? ಇಷ್ಟು ವರ್ಷ ಯಾರ ಹತ್ತಿರವೂ ಕೇಳದಿದ್ದ ಮಾತು ಹೊಟ್ಟೆಯಿಂದ ಎದ್ದು ಬಂತು. ದಡದಲ್ಲಿ ನಿಂತು ದೂರದ ದೋಣಿಯವರನ್ನು ಕರೆಯುವ ಹಾಗೆ, ಇದ್ದ ಉಸಿರೆಲ್ಲ ಹಾಕಿ ಕೂಗಿದೆ.

“ಚಂದ್ರಾ! ಚಂದ್ರಾ! ಹ್ವಾಯ್, ಚಂದ್ರಾ!”

ಆಚೆ ಕಡೆ ಮಗು ಬೆಚ್ಚಿ ಬಿದ್ದು ಅಳಲು ಶುರು ಮಾಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೀನು ಮಾರುವ ಆ ಹೆಂಗಸಿನ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಅಳುತ್ತಿತ್ತೋ ನಗುತ್ತಿತ್ತೋ ಗೊತ್ತಾಗಲಿಲ್ಲ, ಹೇಳಿದ್ದು ಮಾತ್ರ ನನಗೆ ಅರ್ಥವಾಯಿತು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಮೈ ಹಗುರಾಗಿತ್ತು.

ಅಷ್ಟರಲ್ಲಿ ಯಾರೋ ಗಾಜು ಬಡಿದರು. ತಿರುಗಿ ನೋಡಿದರೆ ರಿಕ್ಷಾ ಸ್ಟ್ಯಾಂಡಿನಿಂದ ಖಾಕಿ ಅಂಗಿಯವನೊಬ್ಬ ಓಡಿ ಬಂದು ನಿಂತಿದ್ದ. “ಎಂತ ಅಕ್ಕ, ಕರ್ದ್ರ್ಯಾ?” ಅವನ ಹೆಗಲ ಮೇಲಿಂದ ಚಾದಂಗಡಿಯವನು ಒದ್ದೆ ಕೈಯಲ್ಲೇ ಇಣುಕುತ್ತಿದ್ದ. “ನಂಗಾ ಅಕ್ಕ?” ಅವನ ಹಿಂದೆ ಬಾಳೆಹಣ್ಣಿನ ಗಾಡಿಯವನು ಗಾಡಿ ಬಿಟ್ಟೇ ಬಂದಿದ್ದ. ಹೊರಟಿದ್ದ ಕುಂದಾಪುರದ ಬಸ್ಸು ನಿಂತಿತ್ತು, ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು, “ಬತ್ತೆ ಅಕ್ಕ, ಎಂತ ಆಯ್ತ್?” ಎಂದು ಕೂಗುತ್ತಿದ್ದ. ಬೈಂದೂರಿನ ಬಸ್ ನಿಲ್ದಾಣದಲ್ಲಿ ಇದ್ದಬದ್ದ ಚಂದ್ರರೆಲ್ಲ ನನ್ನ ಗಾಜಿನ ಗೂಡಿನ ಸುತ್ತ ಸೇರಿದ್ದರು.

ಫೋನಿನಲ್ಲಿ ತಮ್ಮ ಕೇಳಿದ: “ಅಕ್ಕ, ಅಲ್ಲಿ ಎಂತ ಗಲಾಟಿ?”

“ಎಂತ ಇಲ್ಲೆ ಮಾರಾಯ” ಎಂದೆ. “ನಿನ್ ಭಾವನ್ನ ಕರ್ದೆ. ಅವ್ರೊಬ್ರ್ ಬಿಟ್ಟ್ ಎಲ್ಲರೂ ಬಂದ್ರ್.”